ಅದು ಅಲಂಕಾರ ಅಲ್ಲ ಮಹರಾಯರೇ, ಪಿನ್ನು!

ನಿನ್ನೆ ಮಗಳು ಇಲ್ಲಿಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದಳು. ನನ್ನ ಬಾಯಿ ಗೊತ್ತಲ್ಲ ನಿಮಗೆ. ಪರದೇಶ ಅಂತ ಅಲ್ಲಿ ತೆಪ್ಪಗಿದ್ದೆ, ಈಗ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ.

ಪೆರುವಿನ ಇಂಕಾ ಕಾಲದ ಸಾಮಾನು ಇಟ್ಟಿದ್ದರು. ಗಾಜಿನೊಳಗೆ ಎರಡು ಬೆಳ್ಳಿ ಸೂಜಿ. ಗೇಣುದ್ದದ ಕಡ್ಡಿ, ಮೇಲೆ ಅರ್ಧಚಂದ್ರದ ಹಾಗೆ ತೆಳ್ಳಗೆ ಬಡಿದ ತಗಡು, ಅದರ ಬುಡದಲ್ಲಿ ಪುಟ್ಟ ತೂತು. ಕೆಳಗಿನ ಚೀಟಿಯಲ್ಲಿ ‘ಅಲಂಕಾರದ ವಸ್ತು’ ಅಂತಿತ್ತು. ಮುಗೀತು!

ಅಲಂಕಾರ ಅಂತೆ. ಅದರ ಹೆಸರು ತುಪು. ಆಂಡೀಸ್ ಬೆಟ್ಟಗಳ ಹೆಂಗಸರು ನೇಯ್ದ ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. ಮಗ್ಗದಿಂದ ಇಳಿದದ್ದನ್ನು ಹಾಗೇ ಮೈಗೆ ಸುತ್ತಿ, ಎರಡೂ ಹೆಗಲ ಮೇಲೆ ಒಂದೊಂದು ತುಪು ಚುಚ್ಚುತ್ತಿದ್ದರು. ಮೇಲಿನ ಹೊದಿಕೆಗೆ ಎದೆಯ ಹತ್ತಿರ ಇನ್ನೊಂದು. ಗುಂಡಿ ಇಲ್ಲ, ಹುಕ್ಕು ಇಲ್ಲ. ತೂತು ಯಾಕೆ? ದಾರ ಪೋಣಿಸಿ ಜೋಡಿಯನ್ನು ಕಟ್ಟೋಕೆ, ಕಳೆದುಹೋಗಬಾರದಲ್ಲ. ತುಪು ಬಿದ್ದರೆ ಬಟ್ಟೆಯೂ ಬೀಳುತ್ತೆ.

ಇದು ಸೀರೆ ಉಡೋರಿಗೆ ಗೊತ್ತಾಗುತ್ತೆ. ನನ್ನ ತಾಳಿ ಸರದಲ್ಲಿ ಎರಡು ಪಿನ್ನು ಯಾವಾಗಲೂ ನೇತಾಡುತ್ತವೆ, ಇನ್ನೊಂದು ಬಳೆಯಲ್ಲಿ. ಅಕ್ಕನ ಮಗಳ ಮದುವೆಯಲ್ಲಿ ಧಾರೆ ಹೊತ್ತಿಗೆ ಸರಿಯಾಗಿ ಹೆಗಲ ಪಿನ್ನು ಕಿತ್ತುಬಂತು. ಅಷ್ಟೂ ಫೋಟೋದಲ್ಲಿ ಭುಜ ಹಿಡಿದುಕೊಂಡೇ ನಿಂತಿದ್ದೇನೆ. ಎಲ್ಲರೂ ‘ಭುಜ ನೋವಾ?’ ಅಂತ ಕೇಳಿದರು. ಹೌದು ಅಂದೆ. ನಿಜ ಇವತ್ತೇ ಹೇಳ್ತಿರೋದು.

‘ಬೆಳ್ಳಿ, ಚಿನ್ನದಲ್ಲಿ ಮಾಡಿಸ್ತಿದ್ರಲ್ಲ, ಶೋಕಿನೂ ಇತ್ತು ಅಲ್ವಾಮ್ಮ?’ ಅಂದಳು ಮಗಳು. ಇರಲಿ, ಯಾರು ಬೇಡ ಅಂದರು? ತಾಮ್ರ, ಕಂಚಿನವೂ ಬೇಕಾದಷ್ಟಿದ್ದವು. ನನ್ನ ಕನ್ನಡಕದ ಫ್ರೇಮಿಗೂ ಚಿನ್ನದ ಬಣ್ಣ ಇದೆ. ಅದೂ ಆಭರಣವಾ?

ತುಪುವಿನ ತಲೆಯ ಅಂಚು ಎಷ್ಟು ಹರಿತ ಇತ್ತೆಂದರೆ, ಹೆಂಗಸರು ಅದರಲ್ಲೇ ಏನೇನೋ ಕೊಯ್ದುಕೊಳ್ಳುತ್ತಿದ್ದರು ಅಂತ ಬೆರ್ನಾಬೆ ಕೋಬೋ ಎಂಬ ಸ್ಪ್ಯಾನಿಷ್ ಪಾದ್ರಿ 17ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಪಿನ್ನೂ ಹೌದು, ಚಾಕುವೂ ಹೌದು. ಪಾದ್ರಿಯ ಕಣ್ಣಿಗೆ ಬಿದ್ದದ್ದು ಚೀಟಿ ಬರೆದವರಿಗೆ ಕಾಣಲಿಲ್ಲ ನೋಡಿ. ಇವತ್ತಿಗೂ ಎಕ್ವಡಾರಿನ ಸರಗುರೋ ಅನ್ನೋ ಬುಡಕಟ್ಟಿನ ಹೆಂಗಸರು ಬೆಳ್ಳಿ ತುಪುವಿನಲ್ಲೇ ಹೊದಿಕೆ ಬಿಗಿಯುತ್ತಾರೆ. ಅಲ್ಲಿ ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು.

ನನಗೆ ಉರಿಯೋದು ಇನ್ನೊಂದಕ್ಕೆ. 1849ರಲ್ಲಿ ವಾಲ್ಟರ್ ಹಂಟ್ ಅನ್ನೋ ಅಮೆರಿಕದವನು ಸೇಫ್ಟಿ ಪಿನ್ನಿಗೆ ಪೇಟೆಂಟ್ ಪಡೆದು 400 ಡಾಲರಿಗೆ ಮಾರಿಬಿಟ್ಟ. ಒಂದು ತಂತಿ ಬಗ್ಗಿಸಿದ, ಅಷ್ಟೇ. ಅದು ‘ಆವಿಷ್ಕಾರ’. ಇವರದ್ದು ಮಾತ್ರ ಅಲಂಕಾರ!

ಬಾಗಿಲ ಹತ್ತಿರ ಅಭಿಪ್ರಾಯ ಬರೆಯೋ ಪುಸ್ತಕ ಇತ್ತು. ಮಗಳು ಕೈ ಎಳೆಯುತ್ತಿದ್ದರೂ ಬಿಡದೆ ಒಂದು ಪುಟ ಪೂರ್ತಿ ಬರೆದೆ. ಕನ್ನಡದಲ್ಲೇ. ಬೇಕಿದ್ದರೆ ಯಾರ ಹತ್ತಿರವಾದರೂ ಓದಿಸಿಕೊಳ್ಳಲಿ.