ಪುಡಿ ಇನ್ಹೇಲರ್‌ಗೆ ಜೋರು ಉಸಿರೇ ಬೇಕು
ಇನ್ಹೇಲರ್ ಯಾವುದೇ ಇರಲಿ, ಔಷಧಿಯನ್ನು ನಿಧಾನವಾಗಿ ಎಳೆದುಕೊಳ್ಳಿ ಎಂದು ಇನ್ಹೇಲರ್ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿದೆ. ಗ್ಯಾಸ್ ತುಂಬಿದ ಸ್ಪ್ರೇಗೆ ಅದು ಸರಿ. ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿ ಇನ್ಹೇಲರ್‌ಗೆ ಮಾತ್ರ ಉಲ್ಟಾ. ಅಲ್ಲಿ ತಳ್ಳೋಕೆ ಗ್ಯಾಸ್ ಇಲ್ಲ, ನಮ್ಮ ಉಸಿರೇ ಎಳೆಯಬೇಕು. ಔಷಧಿಯ ಕಣ 1ರಿಂದ 5 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ) ಅಷ್ಟೇ. ಸಾಮಾನ್ಯವಾಗಿ ದಪ್ಪ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಕಣಗಳಿಗೆ ಅಂಟಿಕೊಂಡಿರುತ್ತದೆ. ಮೊದಲಿನಿಂದಲೇ ಜೋರಾಗಿ, ಆಳವಾಗಿ ಎಳೆದರೆ ಬಿಡಿಸಿಕೊಂಡು ಶ್ವಾಸಕೋಶಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಜಾಸ್ತಿ ಭಾಗ ಬಾಯಿ, ಗಂಟಲಲ್ಲೇ ಉಳಿಯುತ್ತದೆ.

ನಮ್ಮಮ್ಮ ಎಷ್ಟೋ ತಿಂಗಳು ಮೆಲ್ಲಗೆ ಎಳೆಯುತ್ತಿದ್ದರು. ಔಷಧಿ ಕೆಲಸ ಮಾಡ್ತಿಲ್ಲ ಅಂತ ಸುಮ್ನೆ ಕೊರಗಿದೆವು. ಒಬ್ಬ ನರ್ಸ್ ಎದುರಿಗೆ ಕೂರಿಸಿಕೊಂಡು ಎಳೆಸಿ ನೋಡಿದಾಗಲೇ ಗೊತ್ತಾಗಿದ್ದು. ಇನ್ಹೇಲರ್ ಒಳಗೆ ಉಸಿರು ಬಿಡಬಾರದು ಎಂದೂ ಅವರೇ ಹೇಳಿದರು, ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ದಯವಿಟ್ಟು ಆ ಸಾಲು ತಿದ್ದಿ.