ಅಂಕಲ್, ಲೇಸು!

ಬೆಂಗಳೂರಿನಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ ಅನ್ನುವವರು ಒಂದು ಸಲ ಸೈಡ್ ಸ್ಟ್ಯಾಂಡ್ ಎತ್ತದೆ ಗಾಡಿ ಓಡಿಸಿ ನೋಡಬೇಕು. ಸೌತ್ ಎಂಡ್ ಸರ್ಕಲ್ಲಿನಿಂದ ಮಿನರ್ವ ಸರ್ಕಲ್ ತಲುಪುವಷ್ಟರಲ್ಲಿ ಎಂಟು ಜನ "ಸಾರ್, ಸ್ಟ್ಯಾಂಡು!" ಎಂದು ಕೂಗಿರುತ್ತಾರೆ, ಇಬ್ಬರು ಅಡ್ಡ ಬಂದೇ ಹೇಳಿರುತ್ತಾರೆ. ನನಗೆ ಈ ಭಾಗ್ಯ ನಡೆದುಕೊಂಡು ಹೋಗುವಾಗಲೂ ಉಂಟು. ಲಾಲ್‌ಬಾಗಿನ ಗೇಟು ದಾಟಿ ಐದು ನಿಮಿಷವಾಗಿರುವುದಿಲ್ಲ, ಹಿಂದಿನಿಂದ ಯಾರೋ ಹುಡುಗ ಓಡಿಬಂದು, ಕಿವಿಯಿಂದ ಇಯರ್‌ಫೋನ್ ಕಿತ್ತು ಹೇಳುತ್ತಾನೆ: "ಅಂಕಲ್, ಲೇಸು!"

ಲೇಸು ಎಂದರೆ ಒಳ್ಳೆಯದು ಎಂದು ನಮ್ಮ ಕನ್ನಡ ಮೇಷ್ಟ್ರು ಕಲಿಸಿದ್ದರು. ನನ್ನ ಶೂಗೆ ಬಂದ ಲೇಸು ಮಾತ್ರ ನನಗೆ ಯಾವತ್ತೂ ಲೇಸು ಬಗೆದಿದ್ದಿಲ್ಲ.

ಎಷ್ಟು ಬಿಗಿದು ಕಟ್ಟಿದರೂ ಬಿಚ್ಚುತ್ತದೆ. ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ವಯಸ್ಸಂತೆ. ಅದರ ಮೇಲೆ ಕಾಲಿಟ್ಟು ಲೇಸು ಕಟ್ಟಿಕೊಂಡವರಲ್ಲಿ ನನ್ನಷ್ಟು ಹಾಜರಿ ಇನ್ಯಾರದ್ದೂ ಇರಲಾರದು. ಬಿಚ್ಚದಿರಲಿ ಎಂದು ಮೇಲೆ ಇನ್ನೊಂದು ಗಂಟು ಹಾಕಿದೆನೋ, ಅವತ್ತೇ ಮಳೆ ಬರುತ್ತದೆ. ನೆನೆದ ಗಂಟು ಕಗ್ಗಂಟಾಗಿ, ಬಾಗಿಲಲ್ಲಿ ಒಂಟಿ ಕಾಲಿನಲ್ಲಿ ಕುಣಿಯುತ್ತಾ ಫೋರ್ಕಿನಿಂದ ಬಿಡಿಸಬೇಕು. ಆ ಫೋರ್ಕು ಈಗ ಅಡುಗೆಮನೆಯಿಂದ ಬಹಿಷ್ಕೃತ.

ಎಲ್ಲಕ್ಕಿಂತ ದೊಡ್ಡ ಪ್ರಸಂಗ ನಡೆದದ್ದು ಮೆಜೆಸ್ಟಿಕ್ ಮೆಟ್ರೋದಲ್ಲಿ. ಬೆಳಿಗ್ಗೆ ಒಂಬತ್ತರ ಹೊತ್ತು. ನೇರಳೆ ಲೈನಿನಿಂದ ಹಸಿರು ಲೈನಿಗೆ ಹೋಗುವ ಜನಸಾಗರದಲ್ಲಿ ಎಡಗಾಲಿನ ಲೇಸು ಬಿಚ್ಚಿತು. ಎಸ್ಕಲೇಟರ್ ಹತ್ತಿರದಲ್ಲೇ ಇತ್ತು, ಹೆದರಿಕೆಯಾಗಿ ನಿಂತಲ್ಲೇ ಬಗ್ಗಿದೆ. ಕಟ್ಟುತ್ತಿದ್ದೇನೆ, ತಲೆಯ ಮೇಲೆ ಒಂದು ಮೆತ್ತನೆಯ ಕೈ ಬಿತ್ತು. "ಚೆನ್ನಾಗಿರಪ್ಪಾ, ನೂರು ವರ್ಷ ಬಾಳು." ಎದುರಿಗೆ ಮಗನಿಗಾಗಿ ಕಾಯುತ್ತಾ ನಿಂತಿದ್ದ ಅಜ್ಜಿ. ಅಷ್ಟು ಮನಸಾರೆ ಹರಸಿದವರಿಗೆ "ಇಲ್ಲಮ್ಮ, ಲೇಸು" ಅನ್ನುವುದು ಹೇಗೆ? ಬಿಚ್ಚಿಲ್ಲದ ಬಲಗಾಲಿನ ಲೇಸನ್ನೂ ಒಮ್ಮೆ ಮುಟ್ಟಿ ಎದ್ದೆ.

ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಮಗಳು ನಗುವುದನ್ನು ನಿಲ್ಲಿಸಿ ಫೋನು ಹಿಡಿದು ಕೂತಳು. "ಅಪ್ಪಾ, ಇದರ ಮೇಲೆ ರಿಸರ್ಚೇ ಆಗಿದೆ." ಅಮೆರಿಕದ ಬರ್ಕ್‌ಲಿಯಲ್ಲಿ 2017ರಲ್ಲಿ, ಟ್ರೆಡ್‌ಮಿಲ್ ಮೇಲೆ ಓಡುವವರ ಶೂಗೆ ಹೈಸ್ಪೀಡ್ ಕ್ಯಾಮೆರಾ ಹಿಡಿದು ನೋಡಿದರಂತೆ. ಕಾಲು ನೆಲಕ್ಕೆ ಬಡಿದಾಗ ಗುರುತ್ವಕ್ಕಿಂತ ಸುಮಾರು 7 ಪಟ್ಟು ಹೆಚ್ಚಿನ ಏಟು; ಆ ಏಟಿಗೆ ಗಂಟು ಸಡಿಲ. ಕಾಲು ಬೀಸಿದಾಗ ಲೇಸಿನ ತುದಿಗಳು ಚಾಟಿಯ ಹಾಗೆ ಹಾರಿ ಗಂಟನ್ನು ಎಳೆಯುತ್ತವೆ. ಆಮೇಲೆ ಕ್ಷಣಗಳ ಆಟ. ನನಗೆ ಸಮಾಧಾನವಾಯಿತು. ತಪ್ಪು ನನ್ನದಲ್ಲ, ಗುರುತ್ವದ್ದು.

"ಇಲ್ಲ, ನಿನ್ನದೂ ಇದೆ" ಎಂದು ಅವಳು ನನ್ನ ಶೂ ತಂದು ಮುಂದಿಟ್ಟಳು. ಕಟ್ಟಿದ ಚಿಟ್ಟೆಯ ರೆಕ್ಕೆಗಳು ಪಾದಕ್ಕೆ ಅಡ್ಡಲಾಗಿ ಕೂತರೆ ಗಂಟು ಸರಿ. ಉದ್ದಕ್ಕೆ, ಹೆಬ್ಬೆರಳ ಕಡೆಗೆ ತಿರುಗಿದರೆ ತಪ್ಪು. ನನ್ನ ಚಿಟ್ಟೆ ದಕ್ಷಿಣೋತ್ತರವಾಗಿ ಮಲಗಿತ್ತು. ಇದಕ್ಕೆ ಇಂಗ್ಲಿಷಿನಲ್ಲಿ ಗ್ರ್ಯಾನಿ ನಾಟ್, ಅಂದರೆ ಅಜ್ಜಿ ಗಂಟು ಅನ್ನುತ್ತಾರಂತೆ. ಮೆಜೆಸ್ಟಿಕ್ಕಿನ ಅಜ್ಜಿಗೆ ಇದು ಗೊತ್ತಿತ್ತೇನೋ!

ಮೊದಲ ಗಂಟು ಒಂದು ದಿಕ್ಕಿಗಾದರೆ ಮೇಲಿನ ಕುಣಿಕೆ ಅದರ ವಿರುದ್ಧ ದಿಕ್ಕಿಗೆ ಹೋಗಬೇಕು. ನನ್ನವು ಎರಡೂ ಒಂದೇ ದಿಕ್ಕು. ಯಾಕೆ ಎಂದು ಯೋಚಿಸುತ್ತಾ ರಾತ್ರಿ ಮಲಗಿದಾಗ ಹೊಳೆಯಿತು. ಒಂದನೇ ಕ್ಲಾಸಿನ ಶನಿವಾರ, ಸೀಮೆಸುಣ್ಣ ತಿಕ್ಕಿದ ಬಿಳಿ ಕ್ಯಾನ್ವಾಸ್ ಶೂ. ಮೊದಲ ಗಂಟನ್ನು ಅಪ್ಪ ಎದುರು ಕೂತು ಕಲಿಸಿದರು; ಅವರ ಬಲ ನನ್ನ ಎಡವಾಯಿತು. ಅಷ್ಟರಲ್ಲಿ ಅವರ ಬಸ್ಸು ಬಂತು. ಉಳಿದ ಅರ್ಧ ಕಲಿಸಿದ್ದು ಪಕ್ಕದಲ್ಲಿ ಕೂತ ಅಕ್ಕ. ಇಬ್ಬರೂ ಸರಿಯಾಗಿಯೇ ಕಲಿಸಿದ್ದಾರೆ. ಒಬ್ಬರೇ ಕಲಿಸಿದ್ದರೆ ಉದ್ಧಾರವಾಗುತ್ತಿದ್ದೆ.

"ಸದ್ಯ, ನಮ್ಮ ಮದುವೇಲಿ ಕೊನೆಯ ಗಂಟು ನಿಮ್ಮಕ್ಕ ಹಾಕಿದರು" ಎಂದಳು ನನ್ನ ಹೆಂಡತಿ.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಲೇಸು ಪೋಣಿಸುವುದರಲ್ಲೂ ಸಾವಿರಾರು ಬಗೆ ಇವೆಯೆಂದು, ಮೆಲ್ಬರ್ನಿನ ಗಣಿತಜ್ಞ ಬರ್ಕಾರ್ಡ್ ಪೋಲ್‌ಸ್ಟರ್ 2002ರಲ್ಲಿ ಅದಕ್ಕೂ ಲೆಕ್ಕ ಹಾಕಿದ್ದಾರೆಂದು ಮಗಳು ಓದಿದಳು. ಬಿಗಿಯಾಗಿ ಎಳೆಯಲು, ಎಲ್ಲರೂ ಹಾಕುವ ಕತ್ತರಿಯಾಕಾರದ ಪೋಣಿಕೆ ಮತ್ತು ಲೇಸು ಅಡ್ಡಗೆರೆಗಳಂತೆ ಕಾಣುವ ನೇರಪಟ್ಟಿ ಇವೆರಡೇ ಮೇಲಂತೆ. ಹಾಗಿದ್ದರೆ ಇದ್ದ ಕತ್ತರಿಯಲ್ಲೇ ಇರಬಹುದಿತ್ತು. ಆದರೂ ಭಾನುವಾರ ನೇರಪಟ್ಟಿಗೆ ಕೈ ಹಾಕಿದೆ. ತುದಿಯ ಪ್ಲಾಸ್ಟಿಕ್ ಯಾವಾಗಲೋ ಉದುರಿತ್ತು. ಸೂಜಿಗೆ ದಾರ ಹಾಕುವಂತೆ ಎಂಜಲು ಹಚ್ಚಿ ತೂತಿಗೆ ತೂರಿಸಿದೆ. ಮುಗಿದಾಗ ಒಂದು ತುದಿ ಮಾರುದ್ದ, ಇನ್ನೊಂದು ಗಂಟಿಗೂ ಸಾಲದು. ಆಸೆ ಬಿಟ್ಟೆ.

ಗಂಟನ್ನು ಮಾತ್ರ ಬಿಡಲಿಲ್ಲ. ನಲವತ್ತು ವರ್ಷದ ಅಭ್ಯಾಸ, ಕೈಗೆ ಹೇಳಿದ ಮಾತು ಕೈ ಕೇಳುವುದಿಲ್ಲ. ಹದಿನೈದು ದಿನ ಮೊದಲ ಗಂಟನ್ನು ತಿರುಗಿಸಿ ಹಾಕುತ್ತಾ, ತಪ್ಪುತ್ತಾ, ಮತ್ತೆ ಹಾಕುತ್ತಾ ಕೊನೆಗೆ ಚಿಟ್ಟೆ ಅಡ್ಡ ಕೂತಿತು. ಲಾಲ್‌ಬಾಗಿನ ಕೆರೆ ಸುತ್ತಿ, ಗಾಜಿನ ಮನೆ ಸುತ್ತಿ ಬಂದರೂ ಅಲುಗಲಿಲ್ಲ. ಎದೆಯುಬ್ಬಿಸಿ ನಡೆಯುತ್ತಿದ್ದಾಗ ಹಿಂದಿನಿಂದ ಅದೇ ಹುಡುಗ.

"ಅಂಕಲ್!"

"ನೋಡಪ್ಪಾ, ಹೇಗಿದೆ ಲೇಸು?" ಎಂದು ಕಾಲು ಮುಂದೆ ಚಾಚಿದೆ.

ಅವನು ಕಾಲನ್ನು ನೋಡಲೇ ಇಲ್ಲ. ಅತ್ತಿತ್ತ ಕಣ್ಣಾಡಿಸಿ, ದನಿ ತಗ್ಗಿಸಿ ಹೇಳಿದ: "ಲೇಸಲ್ಲ ಅಂಕಲ್, ಲಾಡಿ."