ಭೇದಿ: ಕಲ್ಚರ್ ವರದಿಗೆ ಕಾಯದೆ ಆಂಟಿಬಯಾಟಿಕ್ ಕೊಡಬಹುದೇ?

ಪರ: ರಕ್ತ ಕಂಡ ಮೇಲೆ ಕಾಯುವುದೇನು?

ಮಲದಲ್ಲಿರುವ ಬ್ಯಾಕ್ಟೀರಿಯಾ ಯಾವುದೆಂದು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಕಲ್ಚರ್ ವರದಿ ಬರಲು ಎರಡು-ಮೂರು ದಿನ ಬೇಕು. ಅದೂ ಲ್ಯಾಬ್ ಹತ್ತಿರವಿದ್ದರೆ. ನಾನು ಕೆಲಸ ಮಾಡುವ ತಾಲ್ಲೂಕಿನಲ್ಲಿ ಅಂಥ ಲ್ಯಾಬೇ ಇಲ್ಲ. ಜ್ವರ, ಹೊಟ್ಟೆ ನುಲಿತ, ಮಲದಲ್ಲಿ ರಕ್ತ ಇದ್ದರೆ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು ಎಂದುಕೊಂಡೇ ಚಿಕಿತ್ಸೆ ಶುರು ಮಾಡಬೇಕು. ರಕ್ತಭೇದಿಯಾದ ಮಕ್ಕಳಿಗೆ ಆಂಟಿಬಯಾಟಿಕ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಹೋದ ಬೇಸಿಗೆಯಲ್ಲಿ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವ ಗಂಡ-ಹೆಂಡತಿ ಪುಟ್ಟ ಮಗಳನ್ನು ಎತ್ತಿಕೊಂಡು ಬಂದರು. ರಾತ್ರಿಯಿಡೀ ರಕ್ತಭೇದಿ. ಮೈ ಕೆಂಡದಂತೆ ಸುಡುತ್ತಿತ್ತು. "ಡಾಕ್ಟ್ರೇ, ಏನಾದ್ರೂ ಮಾಡಿ" ಎಂದು ತಾಯಿ ನನ್ನ ಕೈ ಹಿಡಿದುಕೊಂಡೇ ಇದ್ದರು. ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಶುರು ಮಾಡಿದೆ. ಚಮಚದಲ್ಲಿ ಓಆರ್‌ಎಸ್ ಕುಡಿಸಿದೆವು. ಮೂರನೇ ದಿನ ಮಗು ಎದ್ದು ಕೂತು ಮೊಸರನ್ನ ಕೇಳಿತು. ವರದಿ ಬರಲಿ ಎಂದು ಸುಮ್ನೆ ಕೂತಿದ್ದರೆ ಆ ತಾಯಿಗೆ ನಾನು ಏನು ಹೇಳಬೇಕಿತ್ತು?

ರೆಸಿಸ್ಟೆನ್ಸ್, ಅಂದರೆ ರೋಗಾಣು ಔಷಧಕ್ಕೆ ಬಗ್ಗದಂತಾಗುವುದರ ಬಗ್ಗೆ ಭಾಷಣ ಮಾಡುವವರಿಗೆ ಎಲ್ಲ ಮಾತ್ರೆಗೂ ಬೀಗ ಹಾಕುವ ಆಸೆ. ಹಾಕುವುದಾದರೆ ಮೊದಲು ಕೋಳಿಗಳಿಗೂ ಆಂಟಿಬಯಾಟಿಕ್ ತಿನ್ನಿಸುವ ಫಾರಂಗಳಲ್ಲಿ ಹಾಕಲಿ. ನರಳುವ ಮಗುವಿನ ಮುಂದೆ ಅಲ್ಲ.

ವಿರೋಧ: ಮೊದಲು ಓಆರ್‌ಎಸ್

ರಕ್ತ ಕಂಡರೆ, ಕಾಲರಾ ಅನ್ನಿಸಿದರೆ ಕಾಯಬೇಡಿ. ಇದನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಬರೀ ನೀರುಭೇದಿಗೂ ಆಂಟಿಬಯಾಟಿಕ್ ಕೊಡುವುದರ ಬಗ್ಗೆ. ಚಿಕ್ಕ ಮಕ್ಕಳಲ್ಲಿ ನೀರುಭೇದಿ ಜಾಸ್ತಿ ಬರುವುದು ರೋಟಾದಂಥ ವೈರಸ್‌ಗಳಿಂದ. ಅವಕ್ಕೆ ಈ ಮಾತ್ರೆ ಏನೂ ಮಾಡದು. ಭಾರತವೂ ಸೇರಿ 7 ದೇಶಗಳಲ್ಲಿ ನೀರುಭೇದಿಯಾದ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ಅಜಿತ್ರೋಮೈಸಿನ್ ಪರೀಕ್ಷೆ ನಡೆಯಿತು. 2021ರಲ್ಲಿ ಫಲಿತಾಂಶ ಬಂತು. ಮಾತ್ರೆಯಿಂದ ಸಾವು ಕಡಿಮೆಯಾಯಿತು ಎಂದು ಹೇಳುವಂಥ ವ್ಯತ್ಯಾಸ ಸಿಗಲಿಲ್ಲ.

ಆದರೂ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ನಾರ್‌ಫ್ಲಾಕ್ಸಾಸಿನ್-ಟಿನಿಡಜೋಲ್ ಮಾತ್ರೆ ಚೀಟಿ ಇಲ್ಲದೆ ಸಿಗುತ್ತದೆ. ತಾನಾಗಿ ನಿಲ್ಲಬೇಕಿದ್ದ ಭೇದಿ ನಿಲ್ಲುತ್ತದೆ, ಹೆಸರು ಮಾತ್ರೆಗೆ ಬರುತ್ತದೆ. ಇಂಥ ಬಳಕೆಯಿಂದಲೇ ಶಿಗೆಲ್ಲಾಗೆ ಕೊಡುತ್ತಿದ್ದ ಸಿಪ್ರೋಫ್ಲಾಕ್ಸಾಸಿನ್ ಈಗ ನಮ್ಮಲ್ಲಿ ಎಷ್ಟೋ ಸಲ ಕೆಲಸ ಮಾಡುತ್ತಿಲ್ಲ. ಅಜಿತ್ರೋಮೈಸಿನ್ ಕೂಡ ಅದೇ ದಾರಿ ಹಿಡಿಯುತ್ತಿದೆ.

1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ನೀರು, ಅಂದರೆ ಓಆರ್‌ಎಸ್ ಕುಡಿಸಿ, ಶೇ 30ರಷ್ಟಿದ್ದ ಕಾಲರಾ ಸಾವನ್ನು ಶೇ 4ಕ್ಕಿಂತ ಕೆಳಗೆ ತಂದರು. ಓಆರ್‌ಎಸ್ ಕೊಡಿ. ಮಕ್ಕಳಿಗೆ ಜೊತೆಗೆ 10ರಿಂದ 14 ದಿನ ಜಿಂಕ್ ಕೊಡಿ. ತಾಲ್ಲೂಕಿನಲ್ಲಿ ಲ್ಯಾಬ್ ಇಲ್ಲ ಅನ್ನುವುದು ನಿಜವೇ. ಹಾಗಿದ್ದರೆ ಲ್ಯಾಬ್ ಕೇಳೋಣ, ಅಲ್ವಾ?